ಸಮುದ್ರ ದಾಟಿ ಬಂದವರ ಮನಿ

ಕೌದಿಯ ಮೂರು ಮೂಲೆ ಮುಗಿದು ನಾಲ್ಕನೆಯದಕ್ಕೆ ಬಂದಾಗ ಖಾಸಿಂಬೀಯ ಸೂಜಿ ನಿಂತಿತು. ಎದುರಿಗೆ ಗಂಗಾಳದಲ್ಲಿ ಬೆರಳಗಲದ ಜೋಳದ ರೊಟ್ಟಿಯ ಚೂರು, ಅದರ ಮೇಲೊಂದು ಹನಿ ತುಪ್ಪ. ಸುರಪುರದ ಹೆಂಗಸರು ಯಾರೂ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆಯ ಪದರಿನೊಳಗೆ ಒಂದು ತುತ್ತು ಇಟ್ಟೇ ಹೊಲಿಯುತ್ತಾರೆ, ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದಂತೆ. ಇದು ಹಣಮಮ್ಮನ ಮೊಮ್ಮಗುವಿನ ಕೌದಿ. ಹಣಮಮ್ಮನ ಹಳೆಯ ಇಳಕಲ್ ಸೀರೆ, ಅವಳ ಗಂಡನ ಧೋತರ, ಯಾರದೋ ಮಾಸಿದ ಹಸಿರು ಕುಪ್ಪಸ ಎಲ್ಲವೂ ಒಂದರ ಮೇಲೊಂದು ಕೂತು ಈಗ ಯಾವುದು ಯಾರದೆಂದು ಹೇಳಲಾಗದಂತೆ ಆಗಿದ್ದವು. ಖಾಸಿಂಬೀ ರೊಟ್ಟಿಯ ಚೂರನ್ನು ಎತ್ತಿಕೊಳ್ಳಹೋದಳು, ಆಗ ಎದೆಯ ಬಳಿ ತಮ್ಮನಿಗೆ ಬರೆದ ಜವಾಬಿನ ಲಕೋಟೆಯ ಚೂಪು ಅಂಚು ಚುಚ್ಚಿತು. ಮೂರು ದಿನದಿಂದ ಅದು ಕುಪ್ಪಸದೊಳಗೇ ಇತ್ತು. ಪೆಟ್ಟಿಗೆಯಲ್ಲಿಟ್ಟರೆ ಮಗ ನೋಡುತ್ತಾನೆ. ಒಮ್ಮೆ ನೋಡಿಯೂ ಇದ್ದಾನೆ ಎಂಬುದು ಅವಳ ಗುಮಾನಿ. ಪೆಟ್ಟಿಗೆಯಲ್ಲಿದ್ದ ತಮ್ಮನ ಕಾಗದವನ್ನು ಅವಳು ಯಾವಾಗಲೂ ಬರಹ ಒಳಗಾಗುವಂತೆ ಮಡಿಸಿಡುತ್ತಿದ್ದಳು. ಹೋದ ವಾರ ತೆಗೆದಾಗ ಬರಹ ಹೊರಗಿತ್ತು.

ಹೊರಗೆ ಬೂಟಿನ ಸಪ್ಪಳ ಕೇಳಿತು. ಬೂಟಿನ ಸಪ್ಪಳಕ್ಕೆ ಅವಳ ಮೈ ಈಗಲೂ ಮೊದಲು ಹೆದರುತ್ತದೆ, ಬುದ್ಧಿ ಆಮೇಲೆ ಬಂದು ಕಾರಣ ಹುಡುಕುತ್ತದೆ. ಹವಾಲ್ದಾರ ಬರುವವನಿದ್ದಾನೆ ಎಂದು ಮಗ ಮನ್ಸೂರಅಲಿ ಬೆಳಗ್ಗೆಯೇ ಹೇಳಿದ್ದ. ಪೊಲೀಸ್ ನೌಕರಿಗೆ ಆರಿಸಿಕೊಂಡ ಹುಡುಗರ ಮನೆಗೆ ಬಂದು ವಿಚಾರಿಸುವುದು ಸರ್ಕಾರದ ಪದ್ಧತಿ. ಅವಳ ಕೈ ಅವಳನ್ನು ಕೇಳಲಿಲ್ಲ. ಲಕೋಟೆ ಕುಪ್ಪಸದಿಂದ ಹೊರಬಂದು ಎರಡಾಗಿ ಮಡಚಿಕೊಂಡು ಕೌದಿಯ ತೆರೆದ ಮೂಲೆಯೊಳಗೆ ಹೋಯಿತು, ಸೂಜಿ ದೊಡ್ಡ ದೊಡ್ಡ ಹೊಲಿಗೆ ಹಾಕಿತು. ರೊಟ್ಟಿಯ ಚೂರು ಗಂಗಾಳದಲ್ಲೇ ಉಳಿಯಿತು.

"ಏನಮ್ಮಾ, ಆರಾಮ?" ಎನ್ನುತ್ತ ಸಾಬಣ್ಣ ಹವಾಲ್ದಾರ ಬಾಗಿ ಒಳಗೆ ಬಂದ. ಸುತ್ತ ನೋಡಿದ. ಮಗ ಕುರ್ಚಿ ತರಲು ಪಕ್ಕದ ಮನೆಗೆ ಓಡಿದ್ದ. ಹವಾಲ್ದಾರ ಕುರ್ಚಿಗೆ ಕಾಯದೆ ಮಡಿಚಿಟ್ಟ ಕೌದಿಯ ಮೇಲೆ ಕೂತುಬಿಟ್ಟ. "ಮೆತ್ತಗದ. ನಮ್ಮಾಕಿನೂ ಒಂದು ಹೊಲಸಬೇಕು ಅನ್ನಾಕತ್ತಾಳ." ಖಾಸಿಂಬೀಗೆ ಅವನ ತೊಡೆಯ ಕೆಳಗೆ ಕಾಗದ ಮುರುಟುವುದು ಕೇಳಿಸಿತು. ಕೇಳಿಸಿತೋ, ಕೇಳಿಸಿತೆಂದು ಅನಿಸಿತೋ. ಅವಳು ಅವನ ಮುಖ ನೋಡಿದಳು. ಗೊತ್ತಿದ್ದೇ ಅಲ್ಲಿ ಕೂತನೇ? ಪೊಲೀಸರು ಗೊತ್ತಿಲ್ಲದೆ ಎಲ್ಲಿಯೂ ಕೂಡುವುದಿಲ್ಲ. ಆದರೆ ಅವನು ಟೊಪ್ಪಿಗೆ ತೆಗೆದು ಬೋಳುತಲೆಯ ಬೆವರು ಒರೆಸಿಕೊಂಡ ರೀತಿಯಲ್ಲಿ ಯಾವ ಗೊತ್ತೂ ಇರಲಿಲ್ಲ.

"ನಿಮ್ಮ ಮೂಲ ಯಾವೂರು?"

"ಸುರಪುರನೇರಿ."

"ಅದಕ್ಕಿಂತ ಮೊದಲ?"

"ಅದಕ್ಕಿಂತ ಮೊದಲೂ ಸುರಪುರ."

ಹವಾಲ್ದಾರ ನಕ್ಕ. ಕುರ್ಚಿ ಹೊತ್ತು ಬಂದು ಬಾಗಿಲಲ್ಲಿ ನಿಂತಿದ್ದ ಮನ್ಸೂರಅಲಿಯ ತಲೆ ನೋಡಿ, "ಹಂಗಾದ್ರ ಈ ಕೂದಲಾ ಎಲ್ಲಿಂದ ಬಂತಪಾ? ಕುರಿ ಉಣ್ಣೆ ಇದ್ದಂಗ ಅದ. ಟೊಪಗಿ ಕೂಡೂದಿಲ್ಲ ನೋಡು ಇದರ ಮ್ಯಾಲೆ" ಎಂದ. ಮಗನೂ ನಕ್ಕ. ಮಗ ಆ ನಗೆಯನ್ನು ಎಲ್ಲಿ ಕಲಿತ ಎಂದು ಅವಳಿಗೆ ಗೊತ್ತಿತ್ತು. ಅದು ಅವಳದೇ ನಗೆ. ಬಜಾರದಲ್ಲಿ ಯಾರಾದರೂ "ಹಬಶಿ ಹೆಂಗಸು ಬಂತು, ದಾರಿ ಬಿಡ್ರಿ" ಎಂದಾಗ ಅವಳು ನಗುವ ನಗೆ.

"ಅಣ್ಣ ತಮ್ಮ, ಸಂಬಂಧಿಕರು, ಯಾರರ ಹೊರದೇಶದಾಗ ಅದಾರೇನು? ಕೇಳಬೇಕಾಗತದ ನಾವು."

ಖಾಸಿಂಬೀ ಬಾಯಿ ತೆರೆಯುವ ಮೊದಲೇ ಮಗ ಹೇಳಿದ: "ಯಾರೂ ಇಲ್ರಿ. ಒಬ್ಬ ಮಾಮಾ ಇದ್ದ. ತೀರಿಹೋಗ್ಯಾನ."

ಹವಾಲ್ದಾರ ಬರೆದುಕೊಂಡ. ಚಹಾ ಕುಡಿದ. ಎದ್ದಾಗ ಕೌದಿಯ ಮೇಲೆ ಅವನ ಭಾರದ ಗುಳಿ ಹಾಗೇ ಉಳಿದು ನಿಧಾನವಾಗಿ ಮೇಲೆದ್ದಿತು. ಖಾಸಿಂಬೀ ಆ ಗುಳಿಯನ್ನೇ ನೋಡುತ್ತ ಕೂತಳು. ತೀರಿಹೋಗ್ಯಾನ. ಮಗನಿಗೆ ಅವಳು ಮಾಮಾನ ಬಗ್ಗೆ ಹೇಳಿದ್ದು ಇಷ್ಟೇ: ನೀ ಸಣ್ಣಾಂವ ಇದ್ದಾಗ ಹೋದ. ಹೋದ ಎಂಬುದನ್ನು ಸತ್ತ ಎಂದು ತಿಳಿದುಕೊಂಡನೇ, ಅಥವಾ ಬದುಕಿರುವುದು ಗೊತ್ತಾದ ಮೇಲೇ ಸಾಯಿಸಿದನೇ? ಎರಡನೆಯದೇ ಇರಬೇಕು. ಗೊತ್ತಿಲ್ಲದವನು ಅಷ್ಟು ಬೇಗ ಹೇಳುವುದಿಲ್ಲ.

ಸರದಾರಸಾಬ ಸತ್ತಿರಲಿಲ್ಲ. ಸರದಾರಸಾಬ ಸಮುದ್ರದಾಚೆ ಆಫ್ರಿಕಾದ ಒಂದು ದೇಶದಲ್ಲಿ ಸೆನೆಟರ್ ಆಗಿದ್ದ. ಸೆನೆಟ್ ಎಂದರೆ ಮೇಲ್ಮನೆ, ನಿಮ್ಮ ಬೆಂಗಳೂರಿನಲ್ಲಿ ಇದೆಯಲ್ಲ ಹಾಗೆ, ಎಂದು ಅವನೇ ಕಾಗದದಲ್ಲಿ ಬಿಡಿಸಿ ಬರೆದಿದ್ದ. ರಮಜಾನಿಗೆ ಮೊದಲು ಬಂದ ಕಾಗದ. ಈಗ ಬಕ್ರೀದೂ ಕಳೆದಿತ್ತು. ಉರ್ದುವಿನಲ್ಲಿತ್ತು. ಕುರಾನು ಓದಲು ಕಲಿತ ಅಕ್ಷರದಿಂದಲೇ ಖಾಸಿಂಬೀ ಅದನ್ನು ಬೆರಳಿಟ್ಟು ಬೆರಳಿಟ್ಟು ಓದಿದ್ದಳು, ಯಾರ ಕೈಗೂ ಕೊಡದೆ. ಓದಿದಷ್ಟೂ ಗುಮಾನಿ ಬೆಳೆದಿತ್ತು. ಮೊದಲ ಸಾಲಿನಲ್ಲೇ 'ಗೌರವಾನ್ವಿತ ಸಹೋದರಿ ಖಾಸಿಂಬೀ ಅವರಿಗೆ' ಎಂದಿತ್ತು. ಸರದಾರ ಅವಳನ್ನು ಜನ್ಮದಲ್ಲಿ ಹಾಗೆ ಕರೆದವನಲ್ಲ; ಆಪಾ ಎನ್ನುತ್ತಿದ್ದ, ಸಿಟ್ಟು ಬಂದರೆ ಡುಬ್ಬಿ ಎನ್ನುತ್ತಿದ್ದ. ಅಕ್ಷರ ಕೂಡ ನೆಟ್ಟಗೆ, ಪರೇಡಿನಲ್ಲಿ ನಿಂತಂತೆ ಇದ್ದವು. ಅವನ ಅಕ್ಷರ ಹೀಗಿತ್ತೇ? ಅವನ ಅಕ್ಷರ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಅವನ ಕೈ ಮಾತ್ರ ನೆನಪಾಗುತ್ತಿತ್ತು, ಕುದುರೆಯ ಮೂಗಿನ ಮೇಲೆ ಚಪ್ಪಟೆಯಾಗಿ ಇಟ್ಟ ಕೈ. ಲಾಯದಲ್ಲಿ ಎಂಥ ಕುದುರೆ ಹುಚ್ಚೆದ್ದರೂ ಅವನು ಹೋಗಿ ಅದರ ಮೂಗಿಗೆ ಮೂಗು ಹಚ್ಚಿ ಉಸಿರು ಬಿಡುತ್ತಿದ್ದ, ಅದು ತಣ್ಣಗಾಗುತ್ತಿತ್ತು. ಹದಿನೇಳು ತುಂಬುತ್ತಲೇ ಹೈದರಾಬಾದಿನ ನಿಜಾಮನ ಹಬಶಿ ರಿಸಾಲೆಯವರು, ಆಫ್ರಿಕಾ ಮೂಲದವರ ಕುದುರೆ ದಂಡಿನವರು, ಅದನ್ನು ಕೇಳಿ ಕರೆದೊಯ್ದರು; ಮುಖ ನೋಡಿಯೇ ಕರೆದೊಯ್ದರು ಎಂದು ಆಮೇಲೆ ತಿಳಿಯಿತು. ಕೆಂಪು ಅಂಗಿ ಹಾಕಿಕೊಂಡು ಒಮ್ಮೆ ರಜೆಯಲ್ಲಿ ಬಂದಿದ್ದ. ಇಡೀ ಓಣಿ ಹಿಂದೆ ನಡೆದಿತ್ತು. ಅದೇ ಓಣಿ ರಿಸಾಲೆ ಮುರಿದ ಮೇಲೆ, ಭಾರತದ ಸೈನ್ಯ ಬಂದ ಮೇಲೆ, ಅವನು ಕಂಬಳಿ ಮುಸುಕಿಕೊಂಡು ಬರಿಗಾಲಲ್ಲಿ ವಾಪಸು ಬಂದಾಗ ಬಾಗಿಲು ಹಾಕಿಕೊಂಡಿತ್ತು. ಅವನು ರಜಾಕಾರರ ಜೊತೆ ಇದ್ದನಂತೆ ಎಂದರು. ಇರಲಿಲ್ಲ ಎಂದು ಅವನು ಅಕ್ಕನ ತಲೆ ಮುಟ್ಟಿ ಹೇಳಿದ್ದ. ಅವಳು ನಂಬಿದ್ದಳು. ನಂಬಿದ್ದಳೇ? ಆ ರಾತ್ರಿ ಅವನ ಗಂಟಿನಲ್ಲಿ ಏನಿದೆಯೆಂದು ತಡಕಿ ನೋಡಿದ್ದಳಲ್ಲ. ಒಂದು ಜೊತೆ ಲಾಳ ಮತ್ತು ಬೆಲ್ಲವಿತ್ತು.

ಯಾರು ಹೇಳಿದರೋ, ನಾಲ್ಕೇ ದಿನಕ್ಕೆ ಜೀಪು ಬಂದು ಅವನನ್ನು ಒಯ್ದಿತು. ಯಾದಗಿರಿ ಸ್ಟೇಷನ್ನಿನ ಆಚೆ ಡೇರೆ ಹಾಕಿದ್ದರು. ಅರಬರು, ಪಠಾಣರು, ಹಬಶಿಗಳು, ಹೊರಗಿನವರೆನಿಸಿದವರೆಲ್ಲ ಅಲ್ಲಿ. ಮನೆಯವರು ಬಂದು ಇವನು ಇಲ್ಲಿಯವನು ಎಂದು ಹೇಳಿದರೆ ಬಿಡುತ್ತಾರೆ ಎಂದರು. ಅಪ್ಪ ಇರಲಿಲ್ಲ. ಆಗಿನ್ನೂ ಬದುಕಿದ್ದ ಗಂಡನ ಟಾಂಗಾದಲ್ಲಿ ಖಾಸಿಂಬೀ ಹೋದಳು, ಮದುವೆಯ ಹಸಿರು ಸೀರೆ ಉಟ್ಟು. ಅದೇ ತಪ್ಪಾಯಿತೇನೋ, ಆ ಸೀರೆ. ಡೇರೆಯೊಳಗೆ ಮೇಜಿನ ಹಿಂದೆ ಒಬ್ಬ ಅಧಿಕಾರಿ, ಬೇರೆ ಸೀಮೆಯವನು, ಕಣ್ಣಲ್ಲಿ ನಿದ್ದೆಯಿಲ್ಲದವನು. ಪಕ್ಕದಲ್ಲಿ ಈ ಕಡೆಯ ಮಾತು ಬಲ್ಲ ಮುನಶಿ. ಅಧಿಕಾರಿ ಏನೋ ಕೇಳಿದ. ಮುನಶಿ ಅದನ್ನು ಅವಳಿಗೆ ತಿರುಗಿಸಿ ಕೇಳಿದ: "ಯಾರ ಮನಿ?"

ಅವರ ಮನೆತನದ ಮದುವೆಯಲ್ಲಿ ಗಂಡಿನ ಕಡೆಯವರು ಬಾಗಿಲಿಗೆ ಬಂದಾಗ ಮನೆಯ ಹಿರಿಮಗಳು ಹೊಸಿಲಿಗೆ ಅಡ್ಡ ನಿಲ್ಲುತ್ತಾಳೆ. ಬಂದವರು "ಯಾರ ಮನಿ?" ಎಂದು ಕೇಳುತ್ತಾರೆ. ಅವಳು ಹೇಳುತ್ತಾಳೆ. ಅಜ್ಜಿ ಕಲಿಸಿದ್ದು, ಸೋದರತ್ತೆ ಹೇಳಿದ್ದು, ಖಾಸಿಂಬೀ ತಾನೇ ಮೂರು ಮದುವೆಯಲ್ಲಿ ಹೇಳಿದ್ದು. ಒಂದು ಮಾತೂ ತಪ್ಪದಂತೆ, ಎದೆ ಮುಂದೆ ಮಾಡಿ, ಬೀದಿಯ ಕೊನೆಗೂ ಕೇಳುವಂತೆ ಹೇಳಬೇಕು. ತಗ್ಗಿದ ದನಿಯಲ್ಲಿ ಹೇಳಿದರೆ ಬಂದವರು ಒಳಗೆ ಕಾಲಿಡುವುದಿಲ್ಲ. ಡೇರೆಯಲ್ಲಿ, ಏನು ಹೇಳಬೇಕೆಂದು ದಾರಿಯುದ್ದಕ್ಕೂ ಗಂಡ ಕಲಿಸಿಕೊಟ್ಟದ್ದೆಲ್ಲ ಹಾರಿಹೋಗಿತ್ತು. ಆಗ ಆ ಪ್ರಶ್ನೆ ಬಂತು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಸಮುದ್ರ ದಾಟಿ ಬಂದವರ ಮನಿ. ಹಬಸಾಣದ ಮಣ್ಣು ನಮ್ಮ ಕಾಲಾಗ, ಸುರಪುರದ ನೀರು ನಮ್ಮ ಬಾಯಾಗ. ಅರಸನ ಕುದುರಿ ನಮ್ಮ ಮಾತು ಕೇಳತಾವ, ನಾವು ಯಾರ ಮಾತೂ ಕೇಳೂದಿಲ್ಲ."

ಮುನಶಿಯ ಲೆಕ್ಕಣಿಕೆ ಓಡಿತು. ಅಧಿಕಾರಿ ತಲೆಯಾಡಿಸಿದ, ಬಹಳ ಸಲೀಸಾಯಿತು ಎನ್ನುವಂತೆ. ಹೊರಗೆ ಬಂದಾಗ ಗಂಡ ಕೇಳಿದ, "ಏನಂದಿ?" ಅವಳು ಟಾಂಗಾ ಹತ್ತಿದಳು. ಆಮೇಲೆ ಸರದಾರನನ್ನು ಮುಂಬಯಿಯ ಗಾಡಿಗೆ ಹತ್ತಿಸಿ, ಅಲ್ಲಿಂದ ಹಡಗಿಗೆ ಹತ್ತಿಸಿ, ಅವನು ಎಂದೂ ಕಾಣದ ಅವನ ದೇಶಕ್ಕೆ ಕಳಿಸಿದರು. ಗಾಡಿಯ ದಿನ ಸ್ಟೇಷನ್ನಿಗೆ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ. ಮಗನಿಗೆ ಜ್ವರ ಎಂದು ಎಲ್ಲರಿಗೂ ಹೇಳಿದಳು. ಮಗನಿಗೆ ಜ್ವರ ಇರಲಿಲ್ಲ.

ಅಂದಿನಿಂದ ಅವಳು ಆ ಮಾತು ಆಡಿಲ್ಲ. ಊರು ಮೈಸೂರು ರಾಜ್ಯಕ್ಕೆ ಸೇರಿತು, ಕಚೇರಿಗಳ ಬೋರ್ಡು ಉರ್ದುವಿನಿಂದ ಕನ್ನಡಕ್ಕೆ ತಿರುಗಿತು, ಕೇಳಿದವರಿಗೆಲ್ಲ ಅವಳು ಸುರಪುರ, ಅದಕ್ಕಿಂತ ಮೊದಲೂ ಸುರಪುರ ಎಂದಳು. ನಾದಿನಿಯ ಮಗಳ ಮದುವೆಯಲ್ಲಿ ಹೊಸಿಲಿಗೆ ನಿಲ್ಲು ಎಂದಾಗ ಗಂಟಲು ಕೂತಿದೆ ಎಂದು ಹಿತ್ತಿಲಿಗೆ ಹೋದಳು. ಕೆಲವೊಮ್ಮೆ ಆ ಮಾತಿನ ಮೇಲೆಯೇ ಗುಮಾನಿ ಬರುತ್ತಿತ್ತು. ದಾಟಿ ಬಂದವರಂತೆ. ಯಾರು ದಾಟಿ ಬಂದರು? ಅಜ್ಜ ಹತ್ತು ವರ್ಷದ ಹುಡುಗ, ಅರಬಿ ವ್ಯಾಪಾರಿಯ ಕುದುರೆಗಳ ಜೊತೆ ಹಡಗಿನ ತಳದಲ್ಲಿ ಬಂದವನು, ಕುದುರೆಗಳ ಜೊತೆಯೇ ಮಾರಾಟವಾದವನು. ಯಾವಳೋ ಒಬ್ಬ ಜಾಣೆ ಅಜ್ಜಿ ಆ ಮಾರಾಟದ ಮೇಲೆ ಈ ಚಂದದ ಮಾತನ್ನು ಹೊದಿಸಿರಬೇಕು, ಹರಕು ಕಾಣದಂತೆ.

ಈಗ ಅದೇ ಮಾತು ಬೇಕಂತೆ ಅವನಿಗೆ. ಕಾಗದದಲ್ಲಿ ಅವನ ಬದುಕೆಲ್ಲ ಇತ್ತು, ಯಾವುದೋ ಅರ್ಜಿಯಲ್ಲಿ ಬರೆದಂತೆ ಒಣಗಿದ ಸಾಲುಗಳಲ್ಲಿ. ಬಂದರಿನಲ್ಲಿ ಇಳಿದಾಗ ಭಾಷೆ ಬರುತ್ತಿರಲಿಲ್ಲ. ಕತ್ತೆಗಾಡಿ ಹೊಡೆದ. ಮೂಟೆ ಹೊತ್ತ. ಹಮಾಲರ ಸಂಘ ಕಟ್ಟಿದ, ಬಿಳಿಯರ ಕಾಲದಲ್ಲಿ ಎರಡು ಸಲ ಜೈಲಿಗೆ ಹೋದ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಬಂದರಿನ ಜನ ಅವನನ್ನು ಆರಿಸಿ ಮೇಲ್ಮನೆಗೆ ಕಳಿಸಿದರು. ಅಲ್ಲಿ ಅವನು ಮೊದಲು ಮಾತಾಡಿದ್ದು ಕತ್ತೆಗಳಿಗೆ ನೀರಿನ ತೊಟ್ಟಿ ಬೇಕೆಂದು. ಎಲ್ಲರೂ ನಕ್ಕರಂತೆ, ಆದರೆ ತೊಟ್ಟಿ ಕಟ್ಟಿಸಿದರಂತೆ. ಈ ಒಂದು ಸಾಲು ಓದಿದಾಗ ಮಾತ್ರ ಖಾಸಿಂಬೀಗೆ ಇವನು ಸರದಾರನೇ ಎನಿಸಿತ್ತು, ಮರುಕ್ಷಣ ಹೀಗೆ ಅನಿಸಲೆಂದೇ ಬರೆದಿರಬಹುದಲ್ಲ ಎನಿಸಿತ್ತು. ಈಗ ಅವನ ಎದುರಾಳಿಗಳು ಎದ್ದಿದ್ದರು. ಇವನು ಹಿಂದುಸ್ತಾನದವನು, ನಿದ್ದೆಯಲ್ಲಿ ಅಲ್ಲಿಯ ಮಾತಾಡುತ್ತಾನೆ, ಯಾವುದೋ ಹಡಗಿನಲ್ಲಿ ಬಂದು ಇಳಿದವನು, ಇವನಿಗೆ ನಮ್ಮ ಮೇಲ್ಮನೆಯಲ್ಲಿ ಏನು ಕೆಲಸ ಎನ್ನುತ್ತಿದ್ದರು. ವಿಚಾರಣೆಗೆ ಅವನು ಬರೆದಿದ್ದ ತಾರೀಖು ಈಗ ಬರುವ ತಿಂಗಳ ಕೊನೆಗೇ ಬಂದಿತ್ತು. ನಮ್ಮ ಅಜ್ಜ ಈ ದಂಡೆಯಿಂದ ಹೋದವನು ಎಂದು ಮನೆಯ ಹಿರಿಯರೊಬ್ಬರು ಬರೆದುಕೊಟ್ಟರೆ ನಾನು ಉಳಿಯುತ್ತೇನೆ, ಇಲ್ಲದಿದ್ದರೆ ಮತ್ತೆ ಹಡಗು. ಮನೆಯ ಹಿರಿಯರು ಎಂದರೆ ಈಗ ನೀವೊಬ್ಬರೇ. ನೀವು ಬರೆದದ್ದು ಖರೆಯೇ ಎಂದು ಇಲ್ಲಿಯ ಸರ್ಕಾರ ಅಲ್ಲಿಯ ಸರ್ಕಾರವನ್ನು ಕೇಳಬಹುದು, ಅದಕ್ಕೆ ತಯಾರಿರಿ. ಇಷ್ಟು ಬರೆದು, ಕೊನೆಗೆ, ಬೇರೆಯಾಗಿ, ಒಂದೇ ಸಾಲು: 'ಆ ದಿನ ನನ್ನನ್ನು ಡೇರೆಯ ಹಿಂದೆ ಕೂಡಿಸಿದ್ದರು. ನೀವು ಹೇಳಿದ್ದು ನನಗೆ ಕೇಳಿಸಿತು.'

ಆ ಸಾಲಿನ ಮೇಲೆ ಅವಳ ಬೆರಳು ಎಷ್ಟು ಸಲ ಓಡಾಡಿತ್ತೆಂದರೆ ಮಸಿ ಅಲ್ಲಿ ಬೂದಿಯಾಗಿತ್ತು. ಕೇಳಿಸಿತು. ಆಮೇಲೆ? ಕೇಳಿಸಿತು, ನಿನ್ನನ್ನು ಕ್ಷಮಿಸಿದೆ ಎಂದೇ? ಕೇಳಿಸಿತು, ನೀನೇ ನನ್ನನ್ನು ಹಡಗಿಗೆ ಹತ್ತಿಸಿದವಳು, ಈಗ ತೀರಿಸು ಎಂದೇ? ಅಥವಾ ಇದು ಅವನು ಬರೆದದ್ದೇ ಅಲ್ಲವೋ. ಆ ಡೇರೆಯ ಮಾತು ಅವನಿಗೆ, ಅಧಿಕಾರಿಗೆ, ಮುನಶಿಗೆ ಮಾತ್ರ ಗೊತ್ತು. ಮುನಶಿ ಇನ್ನೂ ಬದುಕಿರಬಹುದು. ಅವಳ ಬಾಯಿಂದ ಆ ಮಾತು ಇನ್ನೊಮ್ಮೆ ತೆಗೆಸಿ, ಈ ಸಲ ಮಗನ ಹೆಸರಿನ ಮುಂದೆ ಬರೆದಿಡಲು ಯಾರೋ ಹೂಡಿದ ಹೂಟವಿರಬಹುದು. ಕಾಗದದ ಜೊತೆ ವಿಳಾಸ ಅಚ್ಚು ಹಾಕಿದ ಲಕೋಟೆಯನ್ನೂ ಇಟ್ಟಿದ್ದರು. ಅಷ್ಟು ತಯಾರಿ ಯಾಕೆ? ರೊಕ್ಕ ಕೇಳಿದ್ದರೆ ಕೂಡ ಸಮಾಧಾನವಾಗುತ್ತಿತ್ತು. ರೊಕ್ಕ ಕೇಳುವವರು ಏನು ಬೇಕೆಂದು ನೇರ ಹೇಳುತ್ತಾರೆ.

ಆದರೂ ಅವನು ಕೇಳಿದ್ದನ್ನು ಅವಳು ಬರೆದಳು. ದಿನಕ್ಕೊಂದು ಸಾಲು, ಮಗ ಹೊರಗೆ ಹೋದಾಗ, ಒಲೆಯ ಮುಂದೆ. ಬರೆದು ಲಕೋಟೆಗೆ ಹಾಕಿದಳು. ಹಾಕಿದ ಮೇಲೆ ಕಳಿಸದೆ ಇಟ್ಟುಕೊಂಡಳು, ಹಣ್ಣಾಗಲಿ ಎಂದು ಹುಲ್ಲಿನಲ್ಲಿಟ್ಟಂತೆ.

"ಖಾಸಿಂಬೀ, ಮುಗೀತೇನವಾ?" ಹಣಮಮ್ಮ ಬಂದಳು. ಕುರಿಯ ವಾಸನೆ, ಬಾಯಲ್ಲಿ ಎಲೆಯಡಿಕೆ. ಕೌದಿ ಎತ್ತಿ ತಿರುಗಿಸಿ ಮುರುಗಿಸಿ ನೋಡಿದಳು, ಅಂಗೈಯಿಂದ ಸವರಿದಳು. ಕೊನೆಯ ಮೂಲೆಗೆ ಬಂದಾಗ ಅಂಗೈ ನಿಂತಿತು. ಒತ್ತಿದಳು. ಮತ್ತೊಮ್ಮೆ ಒತ್ತಿದಳು.

"ಹೊಟ್ಟಿಗಿ ಏನ್ ಹಾಕಿದಿ ಇದಕ್ಕ?"

"ರೊಟ್ಟಿ."

"ರೊಟ್ಟಿ ಇಷ್ಟು ಸಪ್ಪಳ ಮಾಡತದೇನು?"

"ಒಣಗಿದ ರೊಟ್ಟಿ."

ಹಣಮಮ್ಮ ಅವಳ ಮುಖ ನೋಡಿದಳು. ಆಮೇಲೆ ಗಂಗಾಳದಲ್ಲಿದ್ದ ರೊಟ್ಟಿಯ ಚೂರು ನೋಡಿದಳು. ತುಪ್ಪದ ಹನಿ ಅದರ ಮೇಲೆ ಹೆಪ್ಪುಗಟ್ಟಿತ್ತು. ಸೈನ್ಯ ಬಂದ ದಿನಗಳಲ್ಲಿ ಇದೇ ಹಣಮಮ್ಮ ಖಾಸಿಂಬೀಯನ್ನೂ ನಾಲ್ಕು ವರ್ಷದ ಮಗನನ್ನೂ ಕಂಬಳಿ ಹೊದಿಸಿ ಕುರಿದೊಡ್ಡಿಯಲ್ಲಿ ಕೂಡಿಸಿದ್ದಳು, ಮೂರು ದಿನ ಹಾಲು ರೊಟ್ಟಿ ತಂದುಕೊಟ್ಟಿದ್ದಳು. ಮತ್ತೆ ಸರದಾರ ಕಂಬಳಿ ಮುಸುಕಿಕೊಂಡು ಬಂದ ರಾತ್ರಿ ಅವನನ್ನು ದಾರಿಯಲ್ಲಿ ಕಂಡವನು ಇವಳ ಗಂಡನೊಬ್ಬನೇ. ಇಷ್ಟು ವರ್ಷ ಖಾಸಿಂಬೀ ಆ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಇವಳ ಮನೆಯ ಕೌದಿಗಳನ್ನು ಹೊಲಿದಿದ್ದಳು. ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಹೌದು ಎನ್ನಬಹುದು, ಅಲ್ಲ ಎನ್ನಬಹುದು. ಅಲ್ಲ ಎಂದರೆ ತಾನು ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನೀ ಯಾದಗಿರಿಗಿ ಮಗಳ ಮನಿಗಿ ಹೊಂಟಿದ್ದಿ ಅಲ್ಲ, ಇದನ ಕೊಡಾಕ," ಎಂದಳು ಖಾಸಿಂಬೀ.

"ಹೋಗಬೇಕು. ಕುರಿ ಈದಾವ, ಬಿಟ್ಟು ಹ್ಯಾಂಗ ಹೋಗಲಿ?"

"ನಾ ಒಯ್ದು ಕೊಡತೀನಿ."

"ನೀನಾ? ಶಹಾಪುರ ದಾಟಿ ನೀ ಎಂದ ಹೋಗೀದಿ?" ಹಣಮಮ್ಮ ಎಲೆಯ ರಸವನ್ನು ಅಂಗಳಕ್ಕೆ ಉಗುಳಿ ಬಂದಳು. ಹೊಸಿಲಲ್ಲಿ ನಿಂತು ಹೇಳಿದಳು: "ಒಯ್ದ ಕೊಡು. ನಮ್ಮವ್ವಿ ಮನಿ ಸ್ಟೇಷನ್ ಮಗ್ಗಲಕೇ ಅದ. ಆದ್ರ ಕೂಸಿನ ಮ್ಯಾಲೆ ಹಾಕೂ ಮೊದಲ ಅದರ ಹೊಟ್ಟಿಗಿ ಖರೇ ರೊಟ್ಟಿ ಹಾಕು, ತಿಳೀತಾ. ಏನ್ ಹಾಕೀದಿ ನಾ ಕೇಳೂದಿಲ್ಲ."

ಕೇಳೂದಿಲ್ಲ. ಕೇಳುವುದಿಲ್ಲ ಎನ್ನುವವರಿಗೆ ಗೊತ್ತಿರುತ್ತದೆ. ಖಾಸಿಂಬೀ ರೊಟ್ಟಿಯ ಚೂರನ್ನು ಎಲೆಯಲ್ಲಿ ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮಗ ಬಾವಿಯಿಂದ ಸ್ನಾನ ಮಾಡಿ ಬಂದು ಕನ್ನಡಿಯ ಮುಂದೆ ನಿಂತಿದ್ದ. ಕೂದಲಿಗೆ ಎಣ್ಣೆ ಸುರಿದು ಎರಡೂ ಕೈಯಿಂದ ಒತ್ತುತ್ತಿದ್ದ, ಟೊಪ್ಪಿಗೆ ಕೂಡುವ ಹಾಗೆ. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು, ಕೂದಲು ಒತ್ತಿದಷ್ಟೂ ಎದ್ದು ನಿಲ್ಲುತ್ತಿತ್ತು. ಸರದಾರನ ತಲೆಯೇ. ಅವಳು ಕೌದಿಯನ್ನು ಚಾದರದಲ್ಲಿ ಗಂಟು ಕಟ್ಟಿದಳು.

"ಅಮ್ಮೀ, ಯಾದಗಿರಿಗಿ ಯಾಕ?"

"ಹಣಮಮ್ಮನ ಮಗಳಿಗಿ ಕೌದಿ ಕೊಡಾಕ."

"ಕೌದಿ ಅಷ್ಟೇ?"

ಅವಳು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು. ಅವನು ಕನ್ನಡಿಯಿಂದ ತಿರುಗಲಿಲ್ಲ. ಕನ್ನಡಿಯೊಳಗಿಂದಲೇ ಅವಳನ್ನು ನೋಡುತ್ತಿದ್ದ.

"ನಾ ಓದೀನಿ," ಎಂದ. "ಪೆಟಗಿಯಾಗಿಂದು. ನನ್ನ ನೌಕರಿ ಹುಕುಂ ಕೈಯಾಗ ಬರ್ಲಿ, ಆಮ್ಯಾಲೆ ನೀ ಏನರ ಮಾಡು. ಎರಡ ತಿಂಗಳು. ಹದಿನೈದ ವರ್ಷ ತಡದೀದಿ, ಎರಡ ತಿಂಗಳು ತಡಿ."

"ಮುಂದಿನ ತಿಂಗಳೇ ಅವನ ವಿಚಾರಣಿ ಅದ."

"ಅವನು ಅಲ್ಲಿ ಮೆಂಬರ್ ಅದಾನ, ಅಮ್ಮೀ. ಮೋಟಾರು ಇರತದ, ಬಂಗಲೆ ಇರತದ. ನನಗ ಏನದ? ಇಲ್ಲಿ ಯಾರರ ಆ ಸರ್ಕಾರದ ಕಾಗದಾ ಹಿಡಕೊಂಡು ಠಾಣೆಕ್ಕ ಬಂದ್ರಂದ್ರ, ಸಾಬಣ್ಣನ ಮುಂದ ನಾ ಏನ್ ಹೇಳಲಿ? ಸತ್ತಾಂವ ಕಾಗದ ಬರದಾನ ಅನ್ಲ್ಯಾ?"

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಅದೇ ಕಷ್ಟ. ಅವಳು ಹತ್ತಿರ ಹೋಗಿ ಸೆರಗಿನಿಂದ ಅವನ ಕಿವಿಯ ಹಿಂದಿನ ಎಣ್ಣೆ ಒರೆಸಿದಳು. ಅವನು ತಲೆ ಸರಿಸಿಕೊಳ್ಳಲಿಲ್ಲ. ಬಾಗಿಲು ದಾಟುವಾಗ ಹಿಂದಿನಿಂದ ಕರೆಯುತ್ತಾನೆ, ಗಂಟು ಕಸಿದುಕೊಳ್ಳುತ್ತಾನೆ ಎಂದು ಕಾದಳು. ಕಸಿದುಕೊಂಡಿದ್ದರೆ ಕೊಟ್ಟುಬಿಡುತ್ತಿದ್ದಳೇನೋ. ಅವನು ಬರಲಿಲ್ಲ. ಅದೂ ಯಾಕೆ ಎಂದು ಓಣಿಯ ತಿರುವಿನವರೆಗೆ ಅವಳು ಗುಮಾನಿಯಲ್ಲಿ ನಡೆದಳು.

ಬಸ್ಸಿನಲ್ಲಿ ಪೇಟದ ಗಂಡಸೊಬ್ಬ ಅವಳ ಎದುರು ಸೀಟಿನಲ್ಲಿ ಕೂತು ಗಂಟನ್ನೇ ನೋಡುತ್ತಿದ್ದ. ಅವಳು ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಅವನು ಶಹಾಪುರದಲ್ಲಿ ಇಳಿದಾಗ ಅವಳಿಗೆ ಗೊತ್ತಾಯಿತು, ಅವನು ನೋಡುತ್ತಿದ್ದದ್ದು ಅವಳ ಗಂಟನ್ನಲ್ಲ, ಅವಳ ಸೀಟಿನ ಕೆಳಗೆ ಇಟ್ಟಿದ್ದ ತನ್ನ ಎರಡು ಕೋಳಿಗಳನ್ನು. ಅಂಚೆ ತಿಕೀಟನ್ನು ಅವಳು ಸುರಪುರದಲ್ಲಿ ಕೊಂಡಿರಲಿಲ್ಲ. ಅಲ್ಲಿಯ ಟಪಾಲು ಕಚೇರಿಯಲ್ಲಿ ಎಲ್ಲರಿಗೂ ಅವಳ ಗುರುತಿದೆ. ಶಹಾಪುರದಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ ಓಡಿ ಹೋಗಿ ಕೊಂಡಳು. ಹೊರದೇಶಕ್ಕೆ ಎಂದಾಗ ಗುಮಾಸ್ತ ತಲೆ ಎತ್ತಿ ನೋಡಿದ. ಹಜ್ಜಿಗೆ ಹೋದವರಿಗೆ ಎಂದು ಸುಳ್ಳು ಹೇಳಿದಳು. ಅಷ್ಟೂ ಸಾಲದು, ಇನ್ನೊಂದು ಹಚ್ಚಬೇಕು ಎಂದು ಅವನು ಕೊಟ್ಟ. ಮಲಗಿದ ಮನುಷ್ಯನಂತಿರುವ ಗುಡ್ಡ ಬಸ್ಸಿನ ಜೊತೆ ಸ್ವಲ್ಪ ದೂರ ಬಂದು ಹಿಂದೆ ಉಳಿಯಿತು. ಆ ದಿನ ಟಾಂಗಾದಲ್ಲಿ ಬರುವಾಗಲೂ ಅದು ಹೀಗೇ ಮಲಗಿತ್ತು. ಗಂಡ ಹೇಳಿಕೊಡುತ್ತಿದ್ದ: ನಮ್ಮಪ್ಪ ಸುರಪುರದಾಂವ ಅನ್ನು, ನಮ್ಮ ತಮ್ಮ ಸುರಪುರದಾಂವ ಅನ್ನು, ಮತ್ತೇನೂ ಅನಬ್ಯಾಡ. ಅವಳು ಹೂಂಗುಟ್ಟುತ್ತ ಬಂದಿದ್ದಳು. ಭೀಮೆ ಬಂತು. ನೀರು ಕಡಿಮೆ ಇತ್ತು, ಬಂಡೆಗಳ ಮೇಲೆ ಅಗಸರ ಬಟ್ಟೆ.

ಯಾದಗಿರಿ ಸ್ಟೇಷನ್ನಿನ ಆಚೆ ಡೇರೆ ಇದ್ದ ಜಾಗದಲ್ಲಿ ಈಗ ಹತ್ತಿಯ ಅಂಡಿಗೆಗಳು ಗೋಡೆಯಂತೆ ನಿಂತಿದ್ದವು. ಅವಳು ನೋಡಿ ಮುಖ ತಿರುಗಿಸಿದಳು, ಮತ್ತೆ ನೋಡಿದಳು. ಪ್ಲಾಟ್‌ಫಾರ್ಮಿನ ಕಲ್ಲುಬೆಂ‍ಚಿನ ಮೇಲೆ ಕೂತು ಗಂಟು ಬಿಚ್ಚಿ, ಕೌದಿಯ ಮೂಲೆಯ ದೊಡ್ಡ ಹೊಲಿಗೆಗಳನ್ನು ಹಲ್ಲಿನಿಂದ ಹರಿದಳು. ಲಕೋಟೆ ಬೆಚ್ಚಗಿತ್ತು, ಹವಾಲ್ದಾರನ ಭಾರಕ್ಕೆ ನಡುವೆ ಗೆರೆ ಬಿದ್ದಿತ್ತು. ತಿಕೀಟುಗಳನ್ನು ನಾಲಿಗೆಗೆ ತಾಗಿಸಿ ಹಚ್ಚಿ, ಅದನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು ಸೆರಗಿನ ತುದಿಯ ಎಲೆ ಬಿಚ್ಚಿ, ರೊಟ್ಟಿಯ ಚೂರನ್ನು ಪದರಿನೊಳಗೆ ಇಟ್ಟಳು. ಈ ಸಲ ಸಣ್ಣ ಹೊಲಿಗೆ, ಇರುವೆ ನಡೆದಂತೆ. ಕೊನೆಯ ಗಂಟು ಹಾಕಿ ದಾರ ಕಚ್ಚುವಾಗ ಅವಳಿಗೆ ಒಂದು ವಿಚಾರ ಹೊಳೆಯಿತು: ಇದು ಸರದಾರನ ಕಾಗದವಾಗಿರದಿದ್ದರೆ? ಯಾರದೋ ಹೂಟವೇ ಆಗಿದ್ದರೆ? ಆಗಲೂ ತಾನು ಬರೆದದ್ದು ಸುಳ್ಳಾಗುವುದಿಲ್ಲ. ಆ ವಿಚಾರ ಸಮಾಧಾನವನ್ನೇನೂ ತರಲಿಲ್ಲ. ಎಣ್ಣೆ ಸೋರುವ ಮಗನ ತಲೆ ಕಣ್ಣ ಮುಂದೆ ಬಂತು, ಹಾಗೇ ಇತ್ತು, ಹೋಗಲಿಲ್ಲ.

ಮದ್ರಾಸಿನ ಕಡೆಯಿಂದ ಮುಂಬಯಿಯ ಮೇಲ್ ಬಂದು ನಿಂತಿತು. ಗಾಡಿಗೆ ಜೋಡಿಸಿದ ಟಪಾಲಿನ ಕೆಂಪು ಡಬ್ಬಿಯನ್ನು ಹುಡುಕುತ್ತ ಅವಳು ಕೌದಿಯನ್ನು ಅಪ್ಪಿಕೊಂಡು ಓಡಿದಳು. ಡಬ್ಬಿಯ ಪಕ್ಕೆಯಲ್ಲಿ ಕಾಗದ ಹಾಕುವ ಸಂದು ಇತ್ತು, ಕೈ ಅಲ್ಲಿಯತನಕ ಹೋಗಿ ನಿಂತಿತು. ಕಣ್ಣಿಗೆ ಚಾಳೀಸು ಹಾಕಿಕೊಂಡಿದ್ದ ನೌಕರನೊಬ್ಬ ಬಾಗಿಲಿನಿಂದ ಬಾಗಿ ಅವಳ ಕೈಯಿಂದಲೇ ಲಕೋಟೆ ತೆಗೆದುಕೊಂಡ. ತಿಕೀಟು ನೋಡಿದ, ಅಚ್ಚಿನ ವಿಳಾಸ ಓದಿದ.

"ಸೆನೆಟರ್ ಅಂತ ಅದ. ದೊಡ್ಡ ಮನಷ್ಯಾನೇ ಅದಾನ. ನಿಮಗೇನಾಗಬೇಕ್ರಿ?"

ಅವಳು ಸುತ್ತ ನೋಡಿದಳು. ಚಹಾದವನು, ಹಮಾಲರು, ಒಬ್ಬ ಪೊಲೀಸಿನವನು ಕಂಬಕ್ಕೆ ಒರಗಿ ನಿಂತಿದ್ದ.

"ತಮ್ಮ," ಎಂದಳು.

"ಕಳಸಿದವರ ಹೆಸರೇ ಇಲ್ಲಲ್ಲ ಹಿಂದ." ಅವನು ಲಕೋಟೆ ತಿರುಗಿಸಿದ. "ಹೊರದೇಶದ್ದು, ಹೆಸರು ಬೇಕು. ಅಲ್ಲಿ ಸಿಗಲಿಲ್ಲಂದ್ರ ವಾಪಸ್ ಎಲ್ಲಿಗಿ ಬರಬೇಕು ಅದು?" ಕಿವಿಯ ಮೇಲಿನಿಂದ ಪೆನ್ಸಿಲ್ಲು ತೆಗೆದ. ಗಾರ್ಡ್ ಹಸಿರು ಬಾವುಟ ಬಿಚ್ಚುತ್ತಿದ್ದ. "ಲಗೂ ಹೇಳ್ರಿ. ಯಾರ ಮನಿ?"

ಅವಳ ಬೆನ್ನು ನೆಟ್ಟಗಾಯಿತು. ಬೆನ್ನು ನೆಟ್ಟಗಾದದ್ದು ಈ ಸಲ ಅವಳಿಗೆ ಗೊತ್ತಾಯಿತು. ತಡೆಯಬಹುದಿತ್ತು, ಸುರಪುರ ಎಂದಷ್ಟೇ ಹೇಳಬಹುದಿತ್ತು. ಕೌದಿಯನ್ನು ಎದೆಯಿಂದ ಕೆಳಗಿಳಿಸಿ ಹಿಡಿದುಕೊಂಡಳು.

"ಸಮುದ್ರ ದಾಟಿ ಬಂದವರ ಮನಿ," ಎಂದಳು. "ಹಂಗೇ ಬರಿ. ಖಾಸಿಂಬೀ, ಸಮುದ್ರ ದಾಟಿ ಬಂದವರ ಮನಿ, ಲಾಯದ ಓಣಿ, ಸುರಪುರ."

ಅವನು ಒಮ್ಮೆ ಚಾಳೀಸಿನ ಮೇಲಿನಿಂದ ಅವಳನ್ನು ನೋಡಿ ಹಾಗೇ ಬರೆದ. ಗಾಡಿ ಜಗ್ಗಿತು. ಅವನ ಕೈ, ಲಕೋಟೆ, ಎರಡೂ ಒಳಗೆ ಹೋದವು. ಡಬ್ಬಿ ಮುಂದೆ ಸಾಗಿ, ಅದರ ಹಿಂದಿನದು ಬಂದು, ಅದೂ ಸಾಗಿ, ಕೊನೆಯ ಡಬ್ಬಿ ಹತ್ತಿಯ ಅಂಡಿಗೆಗಳನ್ನು ದಾಟಿ ಹೋದ ಮೇಲೆ ಅವಳಿಗೆ ತಿಳಿಯಿತು, ಚಹಾದವನು ಕೆಟಲಿ ಹಿಡಿದುಕೊಂಡು ತನ್ನನ್ನೇ ನೋಡುತ್ತ ನಿಂತಿದ್ದಾನೆ, ಕಂಬದ ಪೊಲೀಸಿನವನೂ ನೋಡುತ್ತಿದ್ದಾನೆ. ಮಾತು ಪ್ಲಾಟ್‌ಫಾರ್ಮಿನ ಕೊನೆಗೂ ಕೇಳಿಸಿರಬೇಕು. ದನಿ ತಗ್ಗಿಸುವುದನ್ನು ಅವಳು ಮರೆತುಬಿಟ್ಟಿದ್ದಳು.